ಅರ್ಧ ಹೊಲಿದ ಅಂಗಿಗೆ ಸಹಿ

ಸೆಪ್ಟೆಂಬರ್ ೬

ಸೊಸೆಗೆ,

ನಾನು ಈ ಮನೆಯ ಯಜಮಾನಿ. ಕೆಳಗಿನ ಹೊಲಿಗೆ ಅಂಗಡಿಯೂ ನನ್ನದೇ. ಗಂಡ ತೀರಿಕೊಂಡ ಮೇಲೆ ಒಂದೇ ಒಂದು ಮಿಷನ್ ಇಟ್ಟುಕೊಂಡು ಶುರು ಮಾಡಿ, ಇವತ್ತು ಈ ಬೀದಿಯಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುವ ಹಾಗೆ ಬೆಳೆಸಿದವಳು. ಹೈಸ್ಕೂಲು ಮುಗಿಸಿದ್ದೇನೆ. ಲೆಕ್ಕದಲ್ಲಿ ತರಗತಿಗೇ ಮೊದಲಿಗಳಾಗಿದ್ದೆ. ಇದೆಲ್ಲ ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಿನ್ನ ಕಾಗದ ನೋಡಿದರೆ ಯಾರಿಗೆ ಬರೆಯುತ್ತಿದ್ದೇನೆ ಅನ್ನುವುದನ್ನೇ ನೀನು ಮರೆತ ಹಾಗಿದೆ. "ಗುಂಡಿಯ ಹೋಂವರ್ಕ್ ಕಡೆ ಸ್ವಲ್ಪ ಗಮನ ಇರಲಿ ಅತ್ತೆ, ಅವಳಿಗೆ ಕಳೆಯುವ ಲೆಕ್ಕ ಕಷ್ಟ" ಅಂತ ಬರೆದಿದ್ದೀಯ. ಏಳು ವರ್ಷದ ಮೊಮ್ಮಗಳ ಎರಡನೇ ತರಗತಿಯ ಲೆಕ್ಕ! ಎದುರು ಬಂದು ನಿಂತವರ ಭುಜ ನೋಡಿ ಬಟ್ಟೆ ಎಷ್ಟು ಬೇಕೆಂದು ಹೇಳುವವಳಿಗೆ ನೀನು ಕಳೆಯುವ ಲೆಕ್ಕದ ಎಚ್ಚರಿಕೆ ಕೊಡುತ್ತೀಯ.

ಹಲ್ಲಿನ ಸೆಟ್ಟು ಮಾಡುವುದನ್ನು ಕಲಿಯಲು ಮೂರು ತಿಂಗಳು ಹೋಗುತ್ತೇನೆ ಅಂದೆ, ನಾನು ಬೇಡವೆನ್ನಲಿಲ್ಲ. ಈ ಮೂರು ತಿಂಗಳು ಮಗುವಿನ ಓದು ನನ್ನ ಜವಾಬ್ದಾರಿ. ಒಂದು ಮಾತು ನೆನಪಿಟ್ಟುಕೋ: ಅವಳ ಓದಿನ ವಿಷಯ ಏನಿದ್ದರೂ ಕಾಗದದಲ್ಲೇ ಬರೆ. ಭಾನುವಾರದ ಫೋನಿನಲ್ಲಿ ಬೇಡ. ನಾವು ಫೋನು ಹಿಡಿದರೆ ಸಾಕು, ಅವಳು ಬಾಗಿಲ ಹಿಂದೆ ಬಂದು ನಿಂತಿರುತ್ತಾಳೆ.

ವ್ಯವಸ್ಥೆ ಹೀಗೆ ಮಾಡಿದ್ದೇನೆ. ನೀನು ಅವಳನ್ನು ಕೂರಿಸುತ್ತಿದ್ದ ಅಡುಗೆಮನೆಯ ಬೆಂಚೇ. ಅವಳು ಗೋಡೆಯ ಕಡೆ, ನಾನು ಹೊರಗಡೆ. ಮೇಜನ್ನು ಹೊಟ್ಟೆಗೆ ತಾಗುವಷ್ಟು ಹತ್ತಿರ ಎಳೆದುಕೊಳ್ಳುತ್ತೇವೆ. ಹೀಗಾದರೆ ನೀರು ಕುಡಿಯುತ್ತೇನೆ, ಪೆನ್ಸಿಲ್ ಬಿತ್ತು ಅನ್ನುವ ನೆಪಗಳಿಗೆ ಜಾಗ ಇರುವುದಿಲ್ಲ. ಅಂಗಡಿಯ ನಿಯಮವೇ ಇಲ್ಲಿಯೂ. ತಪ್ಪಾಗಿ ಹೊಲಿದವರೇ ಬಿಚ್ಚಬೇಕು, ಬಿಚ್ಚಿದವರೇ ಮತ್ತೆ ಹೊಲಿಯಬೇಕು. ಸಾಲು ಸೊಟ್ಟಗಾದರೆ ಪುಟ ಹರಿದು ಮತ್ತೆ ಬರೆಸುತ್ತೇನೆ.

ಪುಟದ ಕೆಳಗೆ "ಪೋಷಕರ ಸಹಿ" ಅಂತ ಒಂದು ಚೌಕ ಇದೆಯಲ್ಲ, ಅದು ನನಗೆ ಹಿಡಿಸಿತು. ನಮ್ಮಲ್ಲಿಯೂ ಪೂರ್ತಿಯಾದ ಬಟ್ಟೆಗೆ ಮಾತ್ರ ನಾನು ಚೀಟಿ ಚುಚ್ಚಿ ಸಹಿ ಹಾಕುವುದು. ಯಾರೋ ಬುದ್ಧಿವಂತರೇ ಈ ಶಾಲೆ ನಡೆಸುತ್ತಿದ್ದಾರೆ.

ಇನ್ನು ನಿನ್ನ ಗಂಡ. ಗುಂಡಿ ಪುಸ್ತಕ ತೆರೆದ ಕೂಡಲೇ ಈ ಊರಿನಲ್ಲಿ ಯಾವುದೋ ಒಂದು ಲಿಫ್ಟು ಕೆಟ್ಟು ನಿಲ್ಲುತ್ತದೆ. "ಅಮ್ಮಾ, ಯಾರೋ ಒಳಗೆ ಸಿಕ್ಕಿಹಾಕ್ಕೊಂಡಿದ್ದಾರಂತೆ" ಅನ್ನುತ್ತಾ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಓಡುತ್ತಾನೆ. ಪುಸ್ತಕ ಮುಚ್ಚಿದ ಮೇಲೆ ಒಂದು ಲಿಫ್ಟೂ ಕೆಟ್ಟಿದ್ದಿಲ್ಲ.

ನಿನ್ನ ಅತ್ತೆ


ಸೆಪ್ಟೆಂಬರ್ ೧೯

ಅತ್ತೆಯವರಿಗೆ ನಮಸ್ಕಾರಗಳು.

ನಾನು ಬರೆದ ರೀತಿ ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೀವು ನೋಡಿಕೊಳ್ಳುತ್ತೀರಿ ಅನ್ನುವ ಧೈರ್ಯದಿಂದಲೇ ನಾನು ಇಲ್ಲಿದ್ದೇನೆ.

ಇಲ್ಲಿ ಬೆಳಗಿನಿಂದ ಮೇಣದಲ್ಲಿ ಹಲ್ಲು ಕೆತ್ತುತ್ತೇವೆ. ತಪ್ಪಾದರೆ ಕಲಿಸುವವರು ಏನೂ ಅನ್ನುವುದಿಲ್ಲ. ಮೇಣವನ್ನು ದೀಪಕ್ಕೆ ಹಿಡಿದು ಕರಗಿಸಿ ಮತ್ತೆ ನಮ್ಮ ಕೈಗೇ ಕೊಡುತ್ತಾರೆ. ಮೊದಲ ವಾರ ಅವರು ಹತ್ತಿರ ಬಂದಾಗಲೆಲ್ಲ ನನ್ನ ಕುತ್ತಿಗೆ ತಾನಾಗಿ ಕುಗ್ಗುತ್ತಿತ್ತು. ಈಗ ಇಲ್ಲ.

ಗುಂಡಿ ಬರೆಯುವಾಗ ಪೆನ್ಸಿಲನ್ನು ತುಂಬಾ ಒತ್ತುತ್ತಾಳಾ? ಮುಂದಿನ ಹಲ್ಲು ಅಲುಗುತ್ತಿತ್ತು, ಬಿತ್ತೇ? ತೀರಾ ಹೊತ್ತಾದರೆ... ಇರಲಿ, ನಿಮಗೆ ತಿಳಿದ ಹಾಗೆ ಮಾಡಿ.

ನಿಮ್ಮ ಸೊಸೆ


ಅಕ್ಟೋಬರ್ ೪

ಸೊಸೆಗೆ,

ಪೆನ್ಸಿಲ್ ಒತ್ತುತ್ತಾಳಾ ಅಂತ ಕೇಳಿದ್ದೀಯ. ಒತ್ತುತ್ತಾಳೆ, ಚೆನ್ನಾಗಿಯೇ ಒತ್ತುತ್ತಾಳೆ. ಬಟ್ಟೆಯನ್ನು ಒಳಮೈ ತಿರುಗಿಸಿ ನೋಡುವುದು ನನ್ನ ಅಭ್ಯಾಸ. ಅವಳ ಪುಟವನ್ನೂ ತಿರುಗಿಸಿ ನೋಡಿದೆ. ಹಿಂದಿನಿಂದ ಕೈಯಾಡಿಸಿದರೆ ಒಂದೊಂದು ಅಕ್ಷರವೂ ಬೆರಳಿಗೆ ಸಿಗುತ್ತದೆ. ಗಟ್ಟಿ ಕೈ, ನನ್ನದೇ ಕೈ. ನಿನ್ನ ಹೊಲಿಗೆ ಯಾವಾಗಲೂ ಸ್ವಲ್ಪ ಸಡಿಲ.

ಕಳೆಯುವ ಲೆಕ್ಕ ಕಷ್ಟ ಅಂದಿದ್ದೆಯಲ್ಲ. ಕಷ್ಟ ಲೆಕ್ಕದ್ದಲ್ಲ, ಈಗಿನವರು ಹೇಳಿಕೊಡುವ ರೀತಿಯದು. ಐವತ್ತೆರಡರಲ್ಲಿ ಹದಿನೆಂಟು ಕಳೆಯಬೇಕಿತ್ತು.

"ಎರಡರಲ್ಲಿ ಎಂಟು ಹೋಗಲ್ಲ. ಪಕ್ಕದ ಮನೆಯಿಂದ ಒಂದು ಸಾಲ ತಗೋ" ಅಂದೆ.

"ಸಾಲ ಅನ್ನಬಾರ್ದಂತೆ ಅಜ್ಜಿ. ಟೀಚರ್ ಕಡ್ಡಿ ಒಡೀಬೇಕು ಅಂದಿದ್ದಾರೆ."

"ಯಾವ ಕಡ್ಡಿನೇ?"

"ಹತ್ತರ ಕಡ್ಡಿ. ಒಡೆದ್ರೆ ಹತ್ತು ಚುಕ್ಕಿ ಆಗುತ್ತೆ."

"ಒಡೆದದ್ದು ಮತ್ತೆ ಕೂಡುತ್ತಾ?"

"ಗೊತ್ತಿಲ್ಲ. ಆ ಪಾಠ ಇನ್ನೂ ಬಂದಿಲ್ಲ."

ಹೀಗಿದೆ ಓದು. ಮೊದಲು ನನ್ನ ರೀತಿಯಲ್ಲಿ ಮಾಡಿಸುತ್ತೇನೆ, ಉತ್ತರ ಸರಿ ಬಂದ ಮೇಲೆ ಟೀಚರಿಗಾಗಿ ಕಡ್ಡಿ ಒಡೆಸುತ್ತೇನೆ. ಹೀಗಾಗಿ ಒಂದು ಪುಟಕ್ಕೆ ಎರಡು ಪುಟದ ಹೊತ್ತು ಹಿಡಿಯುತ್ತದೆ. ಪಲ್ಯಕ್ಕೆ ಒಗ್ಗರಣೆ ಹಾಕುವಷ್ಟರಲ್ಲಿ ಮುಗಿಯಬೇಕಾದದ್ದು ಊಟ ಆರಿ ತಣ್ಣಗಾದರೂ ಮುಗಿಯುವುದಿಲ್ಲ. ಅಂಗಡಿಯನ್ನು ಬೇಗ ಮುಚ್ಚುತ್ತಿದ್ದೇನೆ. ಅಂಗಡಿಯಲ್ಲಿ ಕೂತು ಅಂಗಿಯ ತೂತುಗಳಿಗೆ ಕಾಜಾ ಹಾಕುವವಳು "ಏನಮ್ಮಾವ್ರೇ, ನೀವೂ ಎರಡನೇ ಕ್ಲಾಸಿಗೆ ಸೇರ್ಕೊಂಡ್ರಾ?" ಅಂತ ಎಲ್ಲರ ಮುಂದೆ ಕೇಳಿದಳು. ಅವಳ ಬಾಯಿಗೆ ಒಂದು ಕಾಜಾ ಹಾಕಬೇಕು. ಮೇಲಿನ ಮನೆಯವಳು ಸಂಜೆ ಹರಟೆಗೆ ಬರುವುದನ್ನು ಬಿಟ್ಟಿದ್ದಾಳೆ. ಬಂದರೆ ನಾನು ಬೆಂಚಿನಿಂದ ಏಳುವಂತಿಲ್ಲ, ನಾನೆದ್ದರೆ ಇವಳೂ ಏಳುತ್ತಾಳೆ.

ಹಲ್ಲು ಇನ್ನೂ ಬಿದ್ದಿಲ್ಲ. ಲೆಕ್ಕ ಮಾಡುವಾಗ ನಾಲಿಗೆಯಿಂದ ಅದನ್ನು ಹಿಂದೆ ಮುಂದೆ ತಳ್ಳುತ್ತಾ ಕೂರುತ್ತಾಳೆ. ನಿಲ್ಲಿಸು ಅಂದರೆ ನಿಲ್ಲಿಸುತ್ತಾಳೆ. ಎದುರುತ್ತರ ಇಲ್ಲ, ಅಳು ಇಲ್ಲ. ನೀನಿದ್ದಾಗ ದಿನಾ ರಂಪ ಕೇಳಿಸುತ್ತಿತ್ತು. ಈಗ ಅಡುಗೆಮನೆ ಎಷ್ಟು ಶಾಂತವಾಗಿದೆ ಎಂದರೆ ಗಡಿಯಾರದ ಶಬ್ದ ಕೇಳಿಸುತ್ತದೆ.

ಮೊನ್ನೆ ಬೆಂಚಿನ ಮೇಲೆ ನೀರು ಚೆಲ್ಲಿತು. ಒರೆಸಿದ್ದಾಯಿತು. ಅಂಥದ್ದೇನೂ ಇಲ್ಲ.

ನಿನ್ನ ಅತ್ತೆ


ಅಕ್ಟೋಬರ್ ೧೩

ಅತ್ತೆಯವರಿಗೆ ನಮಸ್ಕಾರಗಳು.

ಬೆಂಚಿನ ಮೇಲೆ ಚೆಲ್ಲಿದ್ದು ಎಂಥ ನೀರು?

ಇಲ್ಲಿನ ತರಬೇತಿ ಇನ್ನೂ ಮೂರು ತಿಂಗಳು ಮುಂದುವರಿಯುತ್ತದೆ. ಫೆಬ್ರವರಿ ಕೊನೆಯವರೆಗೆ. ನಿಮ್ಮ ಮಗನಿಗೂ ಹೇಳಿದ್ದೇನೆ.

ನಿಮ್ಮ ಸೊಸೆ


ಅಕ್ಟೋಬರ್ ೨೧

ಸೊಸೆಗೆ,

ಅಂಚೆಯವನು ಕೊಟ್ಟದ್ದು ಕಾಗದವೋ ತಂತಿಯೋ ಅಂತ ಒಂದು ಗಳಿಗೆ ತಿಳಿಯಲಿಲ್ಲ. ಇಷ್ಟು ಚಿಕ್ಕದಾಗಿ ಇಷ್ಟು ದೊಡ್ಡ ಸುದ್ದಿ! ಇನ್ನೂ ಮೂರು ತಿಂಗಳು. ನಿನ್ನನ್ನು ಕೇಳಿದರೋ, ನೀನೇ ತಲೆಯಾಡಿಸಿದೆಯೋ? ಕೈಗೆ ಒಂದು ವಿದ್ಯೆ ಬಂದ ಕೂಡಲೇ ಮನೆ ಚಿಕ್ಕದಾಗಿ ಕಾಣುತ್ತದೆ, ಗೊತ್ತು. ನನ್ನ ಅಂಗಡಿಯಲ್ಲಿ ಕೆಲಸ ಕಲಿತು ಹೋದವರನ್ನೆಲ್ಲ ನೋಡಿದ್ದೇನೆ. ನಿನ್ನ ಗಂಡನನ್ನು ಕೇಳಿದರೆ "ಕಲೀಲಿ ಬಿಡಮ್ಮಾ" ಅಂತ ತಟ್ಟೆಯಿಂದ ತಲೆ ಎತ್ತದೆ ಹೇಳಿದ. ಒಳ್ಳೆಯದು, ಕಲಿ. ಬೇರೆಯವರ ಬಾಯಿಗೆ ಹಲ್ಲು ಕಟ್ಟು. ನಿನ್ನ ಮಗಳ ಹಲ್ಲು ಹೋದ ವಾರ ಬಿತ್ತು. ಬಿದ್ದದ್ದು ಗುಣಾಕಾರದ ಪುಟದ ಮೇಲೆ. ಅವಳು ಅದನ್ನು ಎತ್ತಿ ಪಕ್ಕಕ್ಕಿಟ್ಟು, ರಕ್ತ ಒರೆಸಿಕೊಂಡು, ಮುಂದಿನ ಲೆಕ್ಕ ಬರೆದಳು. ನಾನು ಮೆಚ್ಚಿಕೊಂಡೆ. ಆಮೇಲೆ ಮಲಗುವಾಗ ಯಾಕೋ ಮೆಚ್ಚಿಕೊಂಡದ್ದು ಸರಿ ಅನ್ನಿಸಲಿಲ್ಲ.

ನೀರಿನ ವಿಷಯ ಕೇಳಿದ್ದೀಯ. ನೀರು ನೀರೇ.

ಒಂದು ತಮಾಷೆ ಹೇಳುತ್ತೇನೆ. ನಿನ್ನೆ ಪುಟ ಮುಗಿಸಿ ನನ್ನ ಕಡೆ ತಳ್ಳಿದಳು. ನಾನು ತಿದ್ದಿ ಸಹಿ ಹಾಕುತ್ತಿದ್ದೆ.

"ಅಜ್ಜಿ, ನಿಂಗೆ ಯಾರು ಸಹಿ ಹಾಕ್ತಾರೆ?"

"ನಂಗ್ಯಾಕೆ ಹಾಕ್ಬೇಕು? ನಾನು ಈ ಮನೆಗೆ ದೊಡ್ಡವಳು."

"ಹಂಗಾದ್ರೆ ನಿಂದು ಮುಗಿಯೋದು ಯಾವಾಗ?"

ಪ್ರಶ್ನೆ ಕೇಳುವಾಗ ನಗುತ್ತಿರಲಿಲ್ಲ. ನನಗಾಗಿ ಬೇಸರ ಪಟ್ಟವಳ ಹಾಗೆ ಕೇಳಿದಳು. ಸಂಜೆಯಾಯಿತೆಂದರೆ ಮೆಟ್ಟಿಲು ಹತ್ತುವಾಗ ನನ್ನ ಕಾಲು ಭಾರವಾಗುತ್ತದೆ. ಇವಳನ್ನು ನಾನು ಕೂರಿಸಿಕೊಂಡಿದ್ದೇನೋ, ಇವಳು ನನ್ನನ್ನೋ, ಕೆಲವು ದಿನ ಅದೂ ತಿಳಿಯುವುದಿಲ್ಲ. ಇದನ್ನು ಯಾಕೆ ಬರೆದೆನೋ. ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ, ಇರಲಿ.

ಅತ್ತೆ


ನವೆಂಬರ್ ೧೨

ಸೊಸೆಗೆ,

ನನ್ನ ಕಾಗದಕ್ಕೆ ಉತ್ತರ ಬರಲಿಲ್ಲ. ನಾನು ಕಾಯುವವಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶಾಲೆಯಿಂದ ಕರೆ ಬಂತು. ನಿನ್ನ ಗಂಡ ಎಂದಿನಂತೆ ಲಿಫ್ಟಿನ ಮೇಲಿದ್ದ, ನಾನೇ ಹೋದೆ. ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ, ಮೊಮ್ಮಗಳನ್ನು ಹೊಗಳುತ್ತಾರೆ ಅಂದುಕೊಂಡು. ಅಲ್ಲಿನ ಕುರ್ಚಿಗಳೆಲ್ಲ ಮಕ್ಕಳ ಅಳತೆಯವು. ಮಂಡಿ ಗದ್ದಕ್ಕೆ ತಾಗುವ ಹಾಗೆ ಕೂತೆ. ಟೀಚರ್ ಚಿಕ್ಕ ಹುಡುಗಿ, ನಮ್ಮ ಕಾಜಾದವಳಿಗಿಂತಲೂ ಚಿಕ್ಕವಳು.

"ಅಮ್ಮಾ, ನಿಮ್ಮ ಮೊಮ್ಮಗಳು ಕ್ಲಾಸಲ್ಲಿ ಬರೆಯೋಕೇ ಶುರು ಮಾಡಲ್ಲ" ಅಂದಳು. "ಒಂದಕ್ಷರ ಸೊಟ್ಟಗಾದ್ರೆ ಪುಟಾನೇ ಹರಿದುಬಿಡ್ತಾಳೆ. ಹೊರಗೆ ಹೋಗ್ಬೇಕಾದ್ರೂ ಕೇಳಲ್ಲ. ಎರಡು ಸಲ ಕೂತಲ್ಲೇ ಆಗೋಯ್ತು. ಯಾಕಮ್ಮಾ ಹೇಳ್ಲಿಲ್ಲ ಅಂದ್ರೆ, ಇನ್ನೂ ಮುಗಿದಿರ್ಲಿಲ್ಲ ಟೀಚರ್ ಅಂತಾಳೆ."

ಆಮೇಲೆ ಕೇಳಿದಳು: "ಮನೇಲಿ ಎಷ್ಟು ಹೊತ್ತು ಕೂರಿಸ್ತೀರ?"

ಹೇಳಿದೆ. ಅವಳು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು.

"ನಾನು ಕೊಡೋದು ಕಾಲು ಗಂಟೆ ಕೆಲಸ ಅಮ್ಮಾ. ಕಾಲು ಗಂಟೆ ಆದ್ಮೇಲೆ ಎಲ್ಲಿಗೆ ಬಂದಿದ್ಯೋ ಅಲ್ಲಿಗೆ ಒಂದು ಗೆರೆ ಎಳೆದು ಸಹಿ ಹಾಕಿ ಕಳಿಸಿ, ಎಲ್ಲಿ ಕಷ್ಟ ಆಯ್ತು ಅಂತ ನನಗೆ ಗೊತ್ತಾಗ್ಲಿ ಅಂತ ವರ್ಷದ ಮೊದಲನೇ ಮೀಟಿಂಗಲ್ಲೇ ಹೇಳಿದ್ನಲ್ಲ. ಸಹಿ ಚೌಕ ಇರೋದೇ ಅದಕ್ಕೆ. ಮಗು ತಾಯಿ ಬಂದಿದ್ರು, ಮುಂದಿನ ಸಾಲಲ್ಲೇ ಕೂತಿದ್ರು."

ಮುಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡವಳು ನೀನು. ನನಗೆ ಒಂದು ಮಾತು ಹೇಳಲಿಲ್ಲ. ಕಾಗದದಲ್ಲಿ "ತೀರಾ ಹೊತ್ತಾದರೆ" ಅಂತ ಶುರು ಮಾಡಿ ಚುಕ್ಕಿ ಇಟ್ಟೆ. ಆ ಚುಕ್ಕಿಗಳ ಜಾಗದಲ್ಲಿ ಈ ಮಾತು ಬರೆಯಲು ನಿನಗೆ ಏನು ಅಡ್ಡ ಬಂತು? ಒಬ್ಬ ಚಿಕ್ಕ ಹುಡುಗಿಯ ಮುಂದೆ, ಆ ಚಿಕ್ಕ ಕುರ್ಚಿಯಲ್ಲಿ, ನನ್ನನ್ನು ತಲೆ ತಗ್ಗಿಸಿ ಕೂರುವ ಹಾಗೆ ಮಾಡಿದೆ. ಈ ವಯಸ್ಸಿನವರೆಗೆ ಅದನ್ನು ಯಾರೂ ಮಾಡಿರಲಿಲ್ಲ.

ಬೆಂಚಿನ ಮೇಲಿನ ನೀರು ಏನೆಂದು ನಿನಗೆ ಈಗ ತಿಳಿದಿರಬೇಕು. ನೀನು ಕೇಳಿದಾಗ ನಾನು ಹೇಳಲಿಲ್ಲ, ಸರಿ. ಆದರೆ ನನ್ನದು ಬೇರೆ, ನಿನ್ನದು ಬೇರೆ. ನನಗೆ ಉತ್ತರ ಬೇಕು.

ಅತ್ತೆ


ನವೆಂಬರ್ ೨೦

ಅತ್ತೆಯವರಿಗೆ,

ನಿಮಗೆ ಹೇಳಿದ್ದೆ.

ಆ ಮೀಟಿಂಗ್ ಮುಗಿಸಿ ನೇರ ಅಂಗಡಿಗೇ ಬಂದೆ. ನೀವು ಯೂನಿಫಾರ್ಮ್ ಕೋಟುಗಳಿಗೆ ಚೀಟಿ ಚುಚ್ಚುತ್ತಿದ್ದಿರಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಿರಿ. "ಅತ್ತೆ, ಕಾಲು ಗಂಟೆ ಆದ್ಮೇಲೆ ಅರ್ಧಕ್ಕೇ ಸಹಿ ಹಾಕಿ ಕಳಿಸಿದ್ರೂ ಆಗುತ್ತಂತೆ" ಅಂದೆ. ನೀವು ಸೂಜಿಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು ಹೇಳಿದಿರಿ: "ಅರ್ಧ ಹೊಲಿದ ಅಂಗಿಗೆ ಈ ಮನೆಯಿಂದ ಯಾವತ್ತೂ ಸಹಿ ಹೋಗಿಲ್ಲ." ಕಾಜಾದವಳು ನಕ್ಕಳು. ಮತ್ತೆ ಸೂಜಿ ಬಾಯಿಗೆ ಹೋಯಿತು. ನಿಮ್ಮ ಮಟ್ಟಿಗೆ ಮಾತು ಮುಗಿಯಿತು. ನನ್ನ ಮಟ್ಟಿಗೆ ಅದು ಅಂದಿನಿಂದ ಶುರುವಾಯಿತು.

ನಾನು ಈ ಮನೆಗೆ ಬಂದ ಹೊಸತರಲ್ಲಿ ನನ್ನ ಹೊಲಿಗೆಯ ಕಾಲರುಗಳನ್ನು ನೀವು ಎಷ್ಟು ಸಲ ಬಿಚ್ಚಿಸಿದಿರೋ. ನಾನು ಬಿಚ್ಚಿ ಬಿಚ್ಚಿ ಕಲಿತೆ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಅದೇ ಕೈಯಲ್ಲಿ ಗುಂಡಿಯ ಪುಟಗಳನ್ನು ಹರಿಯತೊಡಗಿದೆ. ಬೆಂಚು ಗೋಡೆಗೆ ಸರಿಸಿದ್ದು ನಾನು. ಮೇಜು ಎಳೆದದ್ದು ನಾನು. ನೀವು ಕೂತದ್ದು ನಾನು ಬಿಟ್ಟು ಹೋದ ಜಾಗದಲ್ಲಿ.

ನಾನಿದ್ದಾಗಲೂ ನೀರು ಚೆಲ್ಲಿತ್ತು ಅತ್ತೆ. ಒಂದಲ್ಲ, ಎರಡು ಸಲ. ನಾನೂ ಒರೆಸಿ ಸುಮ್ಮನಾದೆ. ನಿಮ್ಮ ಕಾಗದದಲ್ಲಿ ಆ ಸಾಲು ಓದಿದ ಕೂಡಲೇ ಎಂಥ ನೀರೆಂದು ಕೇಳಿ ಬರೆದೆ.

ಕೊನೆಯ ದಿನಗಳಲ್ಲಿ ಒಂದು ಸಂಜೆ ಅವಳು ಏಳನ್ನು ತಿರುಗಿಸಿ ಬರೆದಳು. ನಾನು ಕೈ ಎತ್ತಿದೆ. ಹೊಡೆಯಲಿಲ್ಲ. ಆದರೆ ಅವಳು ಕುತ್ತಿಗೆ ಕುಗ್ಗಿಸಿದ ರೀತಿ ನೋಡಿದೆ. ಅದು ನನ್ನ ಕುತ್ತಿಗೆ, ನಿಮ್ಮ ಮುಂದೆ ಕಾಲರು ಹಿಡಿದು ನಿಂತಾಗಿನದು. ಮರುದಿನವೇ ಈ ತರಬೇತಿಗೆ ಅರ್ಜಿ ಹಾಕಿದೆ. ವಿದ್ಯೆ ಕಲಿಯುವ ಆಸೆಯಿಂದ ನಾನು ಬರಲಿಲ್ಲ. ಆ ಬೆಂಚಿನಿಂದ ಎದ್ದು ಬರಲು ನನಗೆ ಬೇರೆ ದಾರಿ ಕಾಣಲಿಲ್ಲ. ಅವಳನ್ನು ಒಳಗೇ ಬಿಟ್ಟು ಬಂದೆ.

ಇನ್ನೂ ಮೂರು ತಿಂಗಳು ಇಲ್ಲಿ ಕಲಿಸುವವರು ಕೇಳಿದ್ದಲ್ಲ, ನಾನೇ ಕೇಳಿಕೊಂಡದ್ದು. ಸಂಜೆಯಾದರೆ ಇಲ್ಲಿ ನನ್ನನ್ನು ಯಾರೂ ಏನೂ ಮುಗಿಸು ಅನ್ನುವುದಿಲ್ಲ. ಭಾನುವಾರ ಫೋನಿನಲ್ಲಿ ಗುಂಡಿ "ಅಮ್ಮಾ, ನಿಂದು ಮುಗೀತಾ?" ಅಂತ ಕೇಳುತ್ತಾಳೆ. ಇಲ್ಲ ಅಂತ ಹೇಳುತ್ತೇನೆ. ಹಾಗೆ ಹೇಳಿದಾಗಲೆಲ್ಲ ಒಳಗೊಳಗೇ ಹಗುರಾಗುತ್ತದೆ, ಅದಕ್ಕೇ ನನ್ನ ಮೇಲೆ ನನಗೆ ಅಸಹ್ಯ.

ನಿಮಗೆ ಇನ್ನೇನು ಉತ್ತರ ಬೇಕೋ ನನಗೆ ತಿಳಿಯದು.

ನಿಮ್ಮ ಸೊಸೆ


ಡಿಸೆಂಬರ್ ೩

ಸೊಸೆಗೆ,

ಆ ದಿನ ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ಕೋಟುಗಳು ನೆನಪಾಗುತ್ತವೆ, ನೀನು ಬಂದು ನಿಂತದ್ದು ನೆನಪಾಗುವುದಿಲ್ಲ. ಆದರೆ ಆ ಮಾತು ನನ್ನದೇ. ಅಂಥ ಮಾತು ಈ ಮನೆಯಲ್ಲಿ ಬೇರೆ ಯಾರ ಬಾಯಿಂದ ಬರುತ್ತದೆ? ಕಾಜಾದವಳನ್ನು ಕೇಳಿದೆ. "ಹೌದಮ್ಮಾವ್ರೇ, ನಾನು ನಕ್ಕಿದ್ದೆ" ಅಂದಳು, ಈ ಸಲ ನಗದೆ.

ನಿನ್ನ ಕಾಗದ ಬಂದ ದಿನ ಸಂಜೆ ಎಂದಿನ ಹಾಗೆ ಬೆಂಚಿನಲ್ಲಿ ಕೂತೆವು. ಅಂಗಡಿಯ ಮೇಜಿನ ಗಡಿಯಾರ ತಂದು ಮುಂದೆ ಇಟ್ಟೆ. ಕಾಲು ಗಂಟೆಯಾಯಿತು. ಅವಳು ಪುಟದ ಮಧ್ಯದಲ್ಲಿದ್ದಳು.

"ಸಾಕು. ಇಲ್ಲಿಗೆ ಒಂದು ಗೆರೆ ಎಳಿ" ಅಂದೆ.

"ಇನ್ನೂ ಲೆಕ್ಕ ಇದೆ ಅಜ್ಜಿ."

"ಇರ್ಲಿ."

"ಅರ್ಧನೇ ಆಗಿರೋದು."

"ನಂಗೆ ಕಣ್ಣಿದೆ. ಗೆರೆ ಎಳಿ."

ಎಳೆದಳು. ಗೆರೆಯೂ ಸೊಟ್ಟಗೇ ಬಂತು. ನಾನು ಪೆನ್ನು ಹಿಡಿದೆ. ನಿನ್ನ ಹತ್ತಿರ ಮುಚ್ಚಿಡುವುದೇನಿದೆ, ಪೆನ್ನು ಕಾಗದಕ್ಕೆ ಇಳಿಯಲಿಲ್ಲ. ಇಷ್ಟು ವರ್ಷ ಯಾವ ಕೈ ಎಂಥೆಂಥ ಗಿರಾಕಿಗಳ ಗದರಿಕೆಗೂ ಅರೆಬರೆ ಬಟ್ಟೆ ಬಿಟ್ಟುಕೊಟ್ಟಿರಲಿಲ್ಲವೋ ಅದೇ ಕೈ ಇದು. ಪಕ್ಕದಲ್ಲಿ ಅವಳು ಪುಟದ ಅಂಚನ್ನೇ ನೋಡುತ್ತಿದ್ದಳು. ಹರಿಯುತ್ತೇನೆ ಅಂತ ಕಾಯುತ್ತಿದ್ದಾಳೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸಹಿ ಹಾಕಿದೆ. ಪುಟ ತಿರುಗಿಸಿ ಹಿಂಬದಿಗೆ ಬೆರಳು ಇಟ್ಟು ನೋಡಿದೆ. ಅವಳ ಅಕ್ಷರಗಳ ಕೆಳಗೆ ನನ್ನ ಸಹಿಯೂ ಹಾಗೇ ಒತ್ತಿ ನಿಂತಿತ್ತು. ಗಟ್ಟಿ ಕೈ ಅಂತ ನಿನಗೆ ಬರೆದಿದ್ದೆನಲ್ಲ, ಅದು ಗಟ್ಟಿತನವಲ್ಲ.

"ಎದ್ದು ಹೋಗ್ಲಾ?" ಅಂತ ಕೇಳಿದಳು. ಹೋಗು ಅಂದೆ. ಆದರೆ ಹೋಗುವುದು ಹೇಗೆ? ಒಂದು ಕಡೆ ಗೋಡೆ, ಎದುರಿಗೆ ಮೇಜು, ಈಚೆ ನಾನು. ನಾನು ಏಳುವವರೆಗೆ ಅವಳು ಏಳುವಂತಿಲ್ಲ. ದಿನಾ ಕೂತ ಜಾಗವೇ, ಆದರೂ ಅಲ್ಲಿಂದ ಹೊರಗೆ ಬರುವ ದಾರಿ ನಾನೇ ಅನ್ನುವುದು ಅವತ್ತು ಕಂಡಿತು.

ಮರುದಿನ ಬೆಂಚನ್ನು ಕೆಳಗಿನ ಅಂಗಡಿಗೆ ಸಾಗಿಸಿದ್ದಾಯಿತು. ಗಿರಾಕಿಗಳು ಕೂರಲಿ, ಅವರಿಗೆ ಎರಡೂ ಕಡೆ ದಾರಿಯಿದೆ. ಹೊತ್ತು ತಂದವನು ನಿನ್ನ ಗಂಡ. ಸಂಜೆಯ ಹೊತ್ತಾದರೂ ಅವತ್ತು ಯಾವ ಲಿಫ್ಟೂ ಕೆಡಲಿಲ್ಲ. ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ "ಅಮ್ಮಾ, ಇದನ್ನ ಮೊದಲೇ ಮಾಡಿದ್ರೆ ನಾನೆಲ್ಲಿ ಓಡಿಹೋಗ್ತಿದ್ದೆ" ಅಂದ. ಬಾಯಿ ಮುಚ್ಚಿಕೊಂಡು ಹೊರು ಅಂದೆ. ಈಗ ಮೇಜು ಅಡುಗೆಮನೆಯ ನಡುವೆ ಇದೆ. ಸುತ್ತ ಕುರ್ಚಿಗಳು. ಕಾಲು ಗಂಟೆ ಒಂದು ದಿನ ಅವನು ಕೂರುತ್ತಾನೆ, ಒಂದು ದಿನ ನಾನು. ಕಡ್ಡಿ ಒಡೆಯುವುದು ಅವನಿಗೇ ಚೆನ್ನಾಗಿ ಬರುತ್ತದೆ. ಸಾಲ ತೆಗೆದುಕೊಳ್ಳುವುದನ್ನು ಬಿಟ್ಟಿದ್ದೇವೆ.

ಕಾಜಾದವಳು ಸುಮ್ಮನಿರುತ್ತಾಳೆಯೇ? "ನಾನು ಹಾಕಿದ ಅರ್ಧ ಕಾಜಾಗೂ ಸಹಿ ಹಾಕ್ತೀರಾ ಅಮ್ಮಾವ್ರೇ?" ಅಂದಳು. ನಿನಗೆ ಏಳು ವರ್ಷ ಆದಾಗ ಬಾ, ಹಾಕ್ತೀನಿ ಅಂದೆ.

ಎಲ್ಲ ಸರಿಹೋಯಿತು ಅಂತ ಬರೆಯುವುದಿಲ್ಲ. ಈಗಲೂ ಒಂದೊಂದು ದಿನ ಪುಟ ಹರಿಯುತ್ತಾಳೆ. ಮೊನ್ನೆ ಶಾಲೆಯಲ್ಲಿ ಕೈ ಎತ್ತಿ ಹೊರಗೆ ಹೋಗಲು ಕೇಳಿದಳಂತೆ. ಅದನ್ನು ಮನೆಗೆ ಬಂದು ದೊಡ್ಡ ಬಹುಮಾನ ಬಂದವಳ ಹಾಗೆ ಹೇಳಿದಳು.

ನಾನು ಯಾರನ್ನೂ ಬಾ ಅಂತ ಕರೆದವಳಲ್ಲ. ಫೆಬ್ರವರಿವರೆಗೆ ಅಲ್ಲಿರುವುದೋ ಬೇಡವೋ ನಿನಗೆ ಬಿಟ್ಟದ್ದು. ಕಲಿಯಬೇಕೆನ್ನಿಸಿದರೆ ಕಲಿತೇ ಬಾ. ಬೆಂಚಿಗೆ ಹೆದರಿ ಅಲ್ಲಿ ನಿಲ್ಲಬೇಡ, ಅದು ಇಲ್ಲಿಲ್ಲ. ಇಷ್ಟೇ. ಬಿದ್ದ ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಇದರ ಜೊತೆ ಇಟ್ಟಿದ್ದೇನೆ. ಅಮ್ಮ ನೋಡಿ ಇಂಥದ್ದೇ ಮಾಡಲಿ ಅಂತ ಅವಳು ಹೇಳಿದ್ದು. ಹೊಸದು ಆಗಲೇ ಮೂಡುತ್ತಿದೆ, ಸ್ವಲ್ಪ ಸೊಟ್ಟಗಿದೆ. ಇರಲಿ ಅಂದಿದ್ದೇನೆ.

ಇನ್ನೊಂದು ಮಾತು ಬರೆಯಬೇಕು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ, ಬೇಗ ಕೈಗೆ ಬರುವ ಮಾತಲ್ಲ. ಗುಂಡಿ ಗಡಿಯಾರ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಾಳೆ. ಕಾಗದ ಬರೆಯುವುದೂ ಹೋಂವರ್ಕೇ ಅಂತೆ, ನನಗೂ ಕಾಲು ಗಂಟೆಯೇ ಅಂತೆ. ನೀನು ಅವತ್ತು ಅಂಗಡಿಗೆ ಬಂದು ನಿಂತಾಗ ನಾನು ಬಾಯಿಂದ ಸೂಜಿ ತೆಗೆದು, ತಲೆ ಎತ್ತಿ, ನಿನ್ನ ಮುಖ ನೋಡಿ

———

ಗೆರೆ ಅವಳು ಎಳೆದದ್ದು. ಸಹಿ ನನ್ನದು.

ನಿನ್ನ ಅತ್ತೆ